ಹೊಣೆ ಅವರದು, ಕೆಲಸ ಹೋದದ್ದು ನಮ್ಮದು

ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಟೀಮಿನ ಹಿರಿಯರೊಬ್ಬರ ಕ್ಯಾಲೆಂಡರಿಗೆ ಮೀಟಿಂಗ್ ಒಂದು ಬಂದು ಕೂತಿತು. ಹೆಸರು ‘ಕ್ವಿಕ್ ಕನೆಕ್ಟ್’, ಹದಿನೈದು ನಿಮಿಷ, ಕರೆದವರು ಎಚ್‌ಆರ್. ಐಟಿಯಲ್ಲಿ ಇರುವವರಿಗೆ ಇಷ್ಟು ಹೇಳಿದರೆ ಸಾಕು. ಅವರು ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಚಿಕ್ಕ ರೂಮಿಗೆ ಹೋದರು. ಹತ್ತು ಗಂಟೆಗೆ ಹೊರಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಪಾಸ್‌ವರ್ಡ್ ತಗೊಳ್ಳಲಿಲ್ಲ. ಇನ್ನೊಂದು ಸಲ ಹಾಕಿದರು. ಮೂರನೇ ಸಲ ಹಾಕಲಿಲ್ಲ, ಸುಮ್ಮನೆ ಮುಚ್ಚಿದರು.

ದಾವಣಗೆರೆಯವರು. ವಯಸ್ಸು ನಲವತ್ತಮೂರು, ಅದೇ ಕಂಪನಿಯಲ್ಲಿ ಹನ್ನೊಂದು ವರ್ಷ. ಊರಿಗೆ ಹೋಗಿ ಬಂದರೆ ಡಬ್ಬಿ ತುಂಬ ನರ್ಗಿಸ್ ಮಂಡಕ್ಕಿ ತಂದು ಎಲ್ಲರ ಮೇಜಿಗೂ ಹಂಚುತ್ತಿದ್ದರು. ನಮ್ಮಲ್ಲಿ ಎಷ್ಟೇ ದೊಡ್ಡವರಿದ್ದರೂ ಹೆಸರು ಹಿಡಿದು ಕರೆಯೋದೇ ರೂಢಿ. ನಾನು ಮಾತ್ರ ಅವರನ್ನ ‘ಸರ್’ ಅಂತಲೇ ಕರೀತಿದ್ದೆ, ಬೇಡ ಅಂದರೂ ಕೇಳುತ್ತಿರಲಿಲ್ಲ. ಸೇರಿದ ಮೊದಲ ವರ್ಷ ನನ್ನ ಪಕ್ಕ ಕೂತು ಕೆಲಸ ಕಲಿಸಿದವರು ಅವರು.

ಟೀ ಮಗ್ಗು, ಮಗಳು ಬಿಡಿಸಿಕೊಟ್ಟ ಚಿತ್ರ, ಚಾರ್ಜರ್, ಇಷ್ಟನ್ನು ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ಚಾರ್ಜರ್ ಕಂಪನಿದು ಅಂತ ನೆನಪಾಗಿ ತೆಗೆದು ವಾಪಸ್ ಮೇಜಿನ ಮೇಲಿಟ್ಟರು. ಸೆಕ್ಯುರಿಟಿ ಹುಡುಗ ಗೇಟಿನ ತನಕ ಜೊತೆಗೆ ಹೋದ. ದಿನಾ ಬೆಳಿಗ್ಗೆ ಅವರಿಗೆ ನಮಸ್ಕಾರ ಹೊಡೆಯುತ್ತಿದ್ದವನು, ಆವತ್ತು ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ನೆಲ ನೋಡಿಕೊಂಡು ನಡೆದ.

ಸಂಜೆ ನಾಲ್ಕಕ್ಕೆ ಅಮೆರಿಕದಿಂದ ಸಿಇಒ ಮೇಲ್ ಬಂತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಬರೆದಿಟ್ಟು ಟೈಮ್ ಸೆಟ್ ಮಾಡಿದ್ದಿರಬೇಕು. ತುಂಬ ಕಷ್ಟದ ನಿರ್ಧಾರ ಇದು, ಮನಸ್ಸು ಭಾರವಾಗಿದೆ, ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿದ ತೀರ್ಮಾನಗಳ ಪೂರ್ತಿ ಹೊಣೆ ನನ್ನದೇ ಅಂತ ಬರೆದಿದ್ದರು. ಕೊನೆಯಲ್ಲಿ, ನಮ್ಮನ್ನು ಬಿಟ್ಟು ಹೋಗುತ್ತಿರುವ ಗೆಳೆಯರಿಗೆ ಧನ್ಯವಾದ. ಆ ಗೆಳೆಯರಿಗೆ ಇದನ್ನು ಓದೋಕೆ ಇನ್‌ಬಾಕ್ಸೇ ಇರಲಿಲ್ಲ. ಓದಿದ್ದು ಉಳಿದ ನಾವು.

ಕೆಲಸ ಹೋದವರ ಸಂಕಟದ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ನಾನು ಹೇಳೋಕೆ ಹೊರಟಿರುವುದು ಸಿಟ್ಟಿನ ಬಗ್ಗೆ. ಇವತ್ತು ಬೆಂಗಳೂರಿನ ಯಾವ ಟೆಕ್ ಪಾರ್ಕಿನ ಹೊರಗಿನ ಟೀ ಅಂಗಡಿಯಲ್ಲಿ ನಿಂತರೂ ಅದು ಕಿವಿಗೆ ಬೀಳುತ್ತೆ. ಕೆಲಸ ಹೋದವರಿಗಷ್ಟೇ ಇರೋ ಸಿಟ್ಟಲ್ಲ, ಉಳಿದವರಿಗೂ ಇದೆ. ಮನೆಯವರು ಕೇಳ್ತಾರೆ, ‘ನಿನ್ನ ಕೆಲಸ ಇದೆಯಲ್ಲ, ಸಂಬಳ ಬರ್ತಿದೆಯಲ್ಲ, ಮತ್ಯಾಕೆ ಉರ್ಕೊಂಡು ಕೂತಿದೀಯ?’ ತಿಪಟೂರಿನಲ್ಲಿ ಇರುವ ನಮ್ಮಮ್ಮನೂ ಇದನ್ನೇ ಕೇಳಿದಳು. ಅವಳಿಗೆ ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಇಲ್ಲಿ ಪ್ರಯತ್ನ ಪಡ್ತೀನಿ.

ಲಾಭ ಕಡಿಮೆಯಾದರೆ ಕಂಪನಿ ಜನರನ್ನು ಕಳಿಸುತ್ತೆ, ಅದನ್ನು ನಾವು ಯಾರೂ ಅರ್ಥ ಮಾಡಿಕೊಳ್ಳಲ್ಲ ಅಂತೇನಿಲ್ಲ. ದುಡ್ಡೇ ಮುಗಿದ ಸ್ಟಾರ್ಟಪ್ಪಿನಲ್ಲಿ ಮಾಲೀಕನೇ ಆರು ತಿಂಗಳಿಂದ ಸಂಬಳ ತಗೊಂಡಿರಲ್ಲ, ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಬಾಗಿಲು ಹಾಕ್ತೀನಿ ಅಂತಾನೆ. ಅಂಥ ಕಡೆ ಕೆಲಸ ಕಳೆದುಕೊಂಡ ಗೆಳತಿ ನನಗಿದ್ದಾಳೆ. ಅವಳು ಇವತ್ತಿಗೂ ಆತನ ಬಗ್ಗೆ ಕೆಟ್ಟ ಮಾತು ಆಡಲ್ಲ. ಕೆಲಸ ಹೋಗಿದ್ದಕ್ಕೇ ಸಿಟ್ಟು ಬರೋದಾಗಿದ್ದರೆ ಅವಳಿಗೂ ಬರಬೇಕಿತ್ತು. ಬರಲಿಲ್ಲ. ಹಾಗಾದರೆ ನಮಗೆ ಬಂದಿರೋದು ಯಾಕೆ?

ಅದು ಆ ‘ಪೂರ್ತಿ ಹೊಣೆ’ ಅನ್ನೋ ಮಾತಿನಿಂದ.

ಈ ಮಾತು ನಮ್ಮ ಸಿಇಒ ಹೊಸದಾಗಿ ಕಂಡುಹಿಡಿದಿದ್ದಲ್ಲ. 2022ರ ನವೆಂಬರಿನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 11,000ಕ್ಕೂ ಹೆಚ್ಚು ಜನರನ್ನು ತೆಗೆದಾಗ ಮಾರ್ಕ್ ಝಕರ್‌ಬರ್ಗ್ ಹೊಣೆ ತನ್ನದು ಅಂದಿದ್ದರು. ಕೋವಿಡ್ ಕಾಲದಲ್ಲಿ ಜನ ಆನ್‌ಲೈನಿಗೆ ನುಗ್ಗಿದ್ದು ಹಾಗೇ ಮುಂದುವರಿಯುತ್ತೆ ಅಂದುಕೊಂಡು ಬೇಕಾಬಿಟ್ಟಿ ಹೂಡಿಕೆ ಮಾಡಿದೆ, ಲೆಕ್ಕ ತಪ್ಪಿತು ಅಂತ ಒಪ್ಪಿಕೊಂಡರು. ಒಪ್ಪಿಕೊಂಡಿದ್ದು ದೊಡ್ಡ ವಿಷಯವೇ. ಆದರೆ ನಾಲ್ಕೇ ತಿಂಗಳಿಗೆ ಇನ್ನೂ 10,000 ಜನರನ್ನು ತೆಗೆಯೋ ಘೋಷಣೆ ಬಂತು. 2023ರ ಜನವರಿ 20ರಂದು ಗೂಗಲ್‌ನ ಸರದಿ, 12,000 ಜನ. ಸುಂದರ್ ಪಿಚೈ ಅವರ ಮೇಲ್‌ನಲ್ಲೂ ಅದೇ ಪೂರ್ತಿ ಹೊಣೆ. ದೊಡ್ಡ ಹುದ್ದೆಗಳಲ್ಲಿ ಇರುವವರ ಬೋನಸ್ ಕಡಿಮೆ ಮಾಡ್ತೀವಿ ಅಂತಲೂ ಹೇಳಿದರು. ಆ ವರ್ಷ ಏಪ್ರಿಲ್‌ನಲ್ಲಿ ಕಂಪನಿಯ ದಾಖಲೆ ಹೊರಬಿದ್ದಾಗ 2022ರ ಅವರ ಒಟ್ಟು ಸಂಭಾವನೆ ಸುಮಾರು 22.6 ಕೋಟಿ ಡಾಲರ್. ಅದರಲ್ಲಿ ಹೆಚ್ಚಿನ ಪಾಲು ಮೂರು ವರ್ಷಕ್ಕೊಮ್ಮೆ ಕೊಡೋ ಷೇರುಗಳು, ಸಂಬಳ ಅಲ್ಲ, ನಿಜ. ಅದೇ ತಿಂಗಳು ಕಂಪನಿ ತನ್ನದೇ ಷೇರುಗಳನ್ನು ವಾಪಸ್ ಕೊಳ್ಳೋಕೆ 7,000 ಕೋಟಿ ಡಾಲರಿಗೆ ಒಪ್ಪಿಗೆ ಕೊಟ್ಟಿತು. ಷೇರು ವಾಪಸ್ ಕೊಂಡರೆ ಉಳಿದ ಷೇರುಗಳಿಗೆ ಬೆಲೆ ಜಾಸ್ತಿಯಾಗುತ್ತೆ. ಆ ಷೇರು ಯಾರ ಹತ್ತಿರ ಹೆಚ್ಚು ಇರುತ್ತೋ ಅವರಿಗೆ ಲಾಭ. ಎಂಜಿನಿಯರಿಂಗ್ ಓದಿದವರಿಗೆ ಇಷ್ಟು ಕೂಡು ಕಳೆ ಬರುತ್ತೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು 2025ರ ಫೆಬ್ರುವರಿಯ ಸುದ್ದಿ. ಮೆಟಾ ತನ್ನ ಸಿಬ್ಬಂದಿಯಲ್ಲಿ ಶೇಕಡ 5ರಷ್ಟು ಜನರನ್ನು ತೆಗೆಯಿತು. ಈ ಸಲ ಹೊಣೆ ನನ್ನದು ಅನ್ನೋ ಮಾತು ಹೋಗಿ, ಇವರು ಕೆಲಸದಲ್ಲಿ ಹಿಂದೆ ಬಿದ್ದವರು ಅನ್ನೋ ಮಾತು ಬಂತು. ಹಾಗೆ ಹಣೆಪಟ್ಟಿ ಹಚ್ಚಿ ಕಳಿಸಿದರೆ ಇನ್ನೊಂದು ಕಡೆ ಇಂಟರ್‌ವ್ಯೂಗೆ ಹೋದಾಗ ಏನಂತ ಹೇಳಬೇಕು ಅವರು? ಅದೇ ತಿಂಗಳು ಮೇಲಿನ ಅಧಿಕಾರಿಗಳ ಬೋನಸ್ ಗುರಿಯನ್ನು ಮೂಲ ಸಂಬಳದ ಶೇಕಡ 75ರಿಂದ ಶೇಕಡ 200ಕ್ಕೆ ಏರಿಸಿದ್ದು ದಾಖಲೆಯಲ್ಲಿ ಬಂತು. ಝಕರ್‌ಬರ್ಗ್ ಅವರಿಗೆ ಈ ಏರಿಕೆ ಇಲ್ಲ, ಉಳಿದವರಿಗೆ ಇದೆ.

ಮನೆ ಹತ್ತಿರದ್ದೇ ಬೇಕು ಅಂದರೆ ಟಿಸಿಎಸ್ ಇದೆ. 2025ರ ಜುಲೈನಲ್ಲಿ ಸುಮಾರು 12,000 ಜನರನ್ನು, ಅಂದರೆ ಶೇಕಡ 2ರಷ್ಟು ಸಿಬ್ಬಂದಿಯನ್ನು ತೆಗೆಯುತ್ತೇವೆ ಅಂತ ಪ್ರಕಟಿಸಿತು. ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರು, ಅಂದರೆ ಮನೆ ಸಾಲ ಅರ್ಧ ತೀರಿಸಿದವರು, ಮಕ್ಕಳು ಹೈಸ್ಕೂಲಿನಲ್ಲಿ ಇರುವವರು. ಅದಕ್ಕಿಂತ ಮುಂಚಿನ ಮೂರು ತಿಂಗಳ ನಿವ್ವಳ ಲಾಭ 12,760 ಕೋಟಿ ರೂಪಾಯಿ. ಎಐನಿಂದ ಹೀಗಾಗಲಿಲ್ಲ, ಇವರ ಕೌಶಲಕ್ಕೆ ಹೊಂದೋ ಕೆಲಸ ನಮ್ಮಲ್ಲಿ ಸಿಗುತ್ತಿಲ್ಲ ಅನ್ನೋದು ಸಿಇಒ ಕೊಟ್ಟ ಕಾರಣ. ಹತ್ತು ವರ್ಷ ಹಳೇ ಸಿಸ್ಟಮ್ಮಿನ ಮೇಲೆ ಕೂರಿಸಿದ್ದು ಯಾರು ಅಂತ ನಮ್ಮ ಟೀ ಅಂಗಡಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಹೊಸದು ಕಲೀತೀನಿ ಅಂದವರಿಗೆ ‘ಕ್ಲೈಂಟ್ ಬಿಡಲ್ಲ, ಇನ್ನೊಂದು ಕ್ವಾರ್ಟರ್ ಇದರಲ್ಲೇ ಇರಿ’ ಅಂದವರೇ ಅಲ್ವಾ ಮೇಲಿನವರು? ದಾವಣಗೆರೆ ಸರ್ ಕೂಡ ಎರಡು ಸಲ ಬೇರೆ ಪ್ರಾಜೆಕ್ಟ್ ಕೇಳಿದ್ದರು. ಎರಡು ಸಲವೂ ನೀವಿಲ್ಲದೆ ಇದು ನಡೆಯಲ್ಲ ಅಂತ ಹೊಗಳಿ ಅಲ್ಲೇ ಕೂರಿಸಿದ್ದರು.

ನಮ್ಮ ಕಡೆ ಹೊಣೆ ಅಂದರೆ ಏನು? ಮದುವೆ ಮನೆಯಲ್ಲಿ ಊಟ ಸಾಲದೇ ಹೋದರೆ ಅಡುಗೆ ವಹಿಸಿಕೊಂಡ ಭಟ್ಟರು ಕೊನೇ ಪಂಕ್ತಿಗೆ ತಾವು ಕೂರಲ್ಲ. ಚೀಟಿ ನಡೆಸೋರು ಯಾರೋ ಕೈಕೊಟ್ಟರೆ ತಮ್ಮ ಕೈಯಿಂದ ಹಾಕಿ ತುಂಬ್ತಾರೆ, ಇಲ್ಲದಿದ್ದರೆ ಬೀದಿಯಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ. ಹೊಣೆ ಹೊತ್ತವರ ಮೈಮೇಲೆ ಭಾರ ಕಾಣಬೇಕು. ಕಾರ್ಪೊರೇಟ್ ಜಗತ್ತಿನಲ್ಲೂ ಹಾಗೆ ನಡೆದುಕೊಂಡವರು ಇಲ್ಲ ಅಂತಲ್ಲ. ಜಪಾನಿನ ನಿಂಟೆಂಡೊ ಕಂಪನಿಯ ಅಧ್ಯಕ್ಷ ಸಟೋರು ಇವಾಟಾ, ಹೊಸ ಗೇಮ್ ಯಂತ್ರ ಮಾರಾಟವಾಗದೆ ನಷ್ಟದ ಅಂದಾಜು ಬಂದಾಗ, 2014ರ ಜನವರಿಯಲ್ಲಿ ತಮ್ಮ ಸಂಬಳವನ್ನು ಐದು ತಿಂಗಳ ಕಾಲ ಅರ್ಧಕ್ಕೆ ಇಳಿಸಿಕೊಂಡರು. ಜನರನ್ನು ಯಾಕೆ ತೆಗೆಯಲ್ಲ ಅಂತ ಅದಕ್ಕೂ ಮುಂಚೆ ಷೇರುದಾರರು ಕೇಳಿದ್ದಕ್ಕೆ, ಕೆಲಸ ಹೋಗಬಹುದು ಅನ್ನೋ ಭಯದಲ್ಲಿ ಇರುವವರು ಜಗತ್ತು ಮೆಚ್ಚೋ ಆಟ ಹೇಗೆ ತಯಾರಿಸ್ತಾರೆ ಅನ್ನೋ ಅರ್ಥದ ಉತ್ತರ ಕೊಟ್ಟಿದ್ದರು. ಅದೊಂದೇ ಸರಿ ದಾರಿ ಅಂತ ನಾನು ಹೇಳಲ್ಲ. ಆದರೆ ಆತ ಹೊಣೆ ಅಂದಾಗ ಅದಕ್ಕೊಂದು ಲೆಕ್ಕ ಇತ್ತು, ಕಣ್ಣಿಗೆ ಕಾಣುತ್ತಿತ್ತು.

ಈಗ ಆ ಹದಿನೈದು ನಿಮಿಷದ ಮೀಟಿಂಗಿಗೆ ವಾಪಸ್ ಬರ್ತೀನಿ. ಮನೆಯವರು ತಿಳಿದಿರಬೇಕಾದ ವಿಷಯ ಇರೋದು ಅಲ್ಲೇ. ಸರ್‌ಗೆ ಅಲ್ಲಿ ಹೇಳಿದ್ದು ‘ನಿಮ್ಮನ್ನು ತೆಗೀತಿದ್ದೇವೆ’ ಅಂತ ಅಲ್ಲ. ‘ಇವತ್ತು ಸಂಜೆಯೊಳಗೆ ರಾಜೀನಾಮೆ ಹಾಕಿ, ಮೂರು ತಿಂಗಳ ಸಂಬಳ ಕೊಡ್ತೀವಿ, ಅನುಭವ ಪತ್ರ ಕ್ಲೀನ್ ಆಗಿ ಇರುತ್ತೆ. ಹಾಕದಿದ್ದರೆ ಟರ್ಮಿನೇಶನ್, ಮುಂದೆ ಯಾವ ಕಂಪನಿ ವೆರಿಫಿಕೇಶನ್ ಮಾಡಿದರೂ ಅದೇ ಕಾಣುತ್ತೆ’ ಅಂತ. ರಾಜೀನಾಮೆ ಪತ್ರದಲ್ಲಿ ಕಾರಣದ ಜಾಗಕ್ಕೆ ‘ವೈಯಕ್ತಿಕ’ ಅಂತ ಅವರೇ ತುಂಬಿ ಇಟ್ಟಿದ್ದರಂತೆ. ಹನ್ನೊಂದು ವರ್ಷ ದುಡಿದ ಮನುಷ್ಯ ತನ್ನ ಸ್ವಂತ ಇಷ್ಟದಿಂದ, ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಕೆಲಸ ಬಿಟ್ಟ ಅಂತ ದಾಖಲೆ.

ಹೆಸರಿನಲ್ಲಿ ಏನಿದೆ ಅನ್ನಬೇಡಿ, ಇಲ್ಲಿ ಇರೋದೆಲ್ಲ ಹೆಸರಿನಲ್ಲೇ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ, ಕಂಪನಿ ಕೆಲಸಗಾರನನ್ನು ರಿಟ್ರೆಂಚ್ ಮಾಡಿದರೆ ಒಂದು ತಿಂಗಳ ನೋಟಿಸು, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರ ಅಂತ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಲೆಕ್ಕ ಉಳಿದಿದೆ, ಮೇಲಿಂದ ಹೊಸ ಕೌಶಲ ಕಲಿಯೋಕೆ ಹದಿನೈದು ದಿನದ ಸಂಬಳದಷ್ಟು ಹಣವನ್ನು ಕಂಪನಿ ನಿಧಿಗೆ ಕಟ್ಟಬೇಕು ಅಂತ ಸೇರಿದೆ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಇದು ಅನ್ವಯಿಸಲ್ಲ. ಐಟಿ ಎಂಜಿನಿಯರ್ ‘ಕೆಲಸಗಾರ’ ಅನ್ನೋದರಲ್ಲಿ ಬರ್ತಾನಾ ಅನ್ನೋ ಜಗಳ ಹಳೇದು. ತಾಂತ್ರಿಕ ಕೆಲಸ ಮಾಡುವವರು ಬರ್ತಾರೆ, ಆಡಳಿತ ಮಾಡೋ ಮ್ಯಾನೇಜರ್ ಬರಲ್ಲ. ಕೈಕೆಳಗೆ ಒಬ್ಬರೂ ಇಲ್ಲದವರಿಗೂ ‘ಮ್ಯಾನೇಜರ್’, ‘ಲೀಡ್’ ಅಂತ ಪದವಿ ಹಂಚೋದು ಯಾಕಿರಬಹುದು ಅಂತ ನನಗೆ ಈಚೆಗೆ ಅನುಮಾನ ಶುರುವಾಗಿದೆ.

ಕರ್ನಾಟಕದಲ್ಲಿ ಇನ್ನೊಂದು ಸಂಗತಿ ಇದೆ. ಇಲ್ಲಿನ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಸರ್ಕಾರ ವಿನಾಯಿತಿ ಕೊಡ್ತಾ ಬಂದಿದೆ, 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಪುಕ್ಕಟೆ ವಿನಾಯಿತಿ ಅಲ್ಲ, ಷರತ್ತು ಇವೆ. ದೂರು ಕೇಳೋ ಸಮಿತಿ ಇರಬೇಕು, ಯಾರನ್ನಾದರೂ ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ರಾಜೀನಾಮೆ ಬರೆಸಿಕೊಂಡರೆ ತಿಳಿಸೋಕೆ ಏನೂ ಉಳಿಯಲ್ಲ ನೋಡಿ. ರಾಜ್ಯದ ಐಟಿ ನೌಕರರ ಸಂಘ ಕೆಐಟಿಯು ಟಿಸಿಎಸ್ ವಿಷಯದಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. ಸಂಘ ಅಂದರೆ ಬಾವುಟ, ಘೋಷಣೆ, ನಮಗಲ್ಲ ಅದು ಅಂತ ಮೂಗು ಮುರಿಯೋ ಪೈಕಿ ನಾನೂ ಒಬ್ಬಳಾಗಿದ್ದೆ. ಈಗ ಅಷ್ಟು ಧೈರ್ಯವಾಗಿ ಮುರಿಯಲ್ಲ.

ಮನೆಯಲ್ಲಿ ಐಟಿ ಮಗನೋ ಸೊಸೆಯೋ ಇದ್ದರೆ ಇಷ್ಟು ಹೇಳಿಡಿ. ಕೂತ ಜಾಗದಲ್ಲೇ ಸಹಿ ಹಾಕಬೇಡ, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳು, ಒಂದು ದಿನ ಸಮಯ ತಗೋ, ವಕೀಲರಿಗೋ ಸಂಘದವರಿಗೋ ತೋರಿಸು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ರಾಜೀನಾಮೆ ಕೊಟ್ಟರೂ ಬರಲೇಬೇಕು, ಅದನ್ನು ದಾನ ಅನ್ನೋ ಹಾಗೆ ಕೊಟ್ಟರೆ ನಂಬಬೇಡ. ಮತ್ತೆ ಇನ್ಶೂರೆನ್ಸು. ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೇ ದಿನಕ್ಕೇ ಮುಗಿಯುತ್ತೆ. ಸರ್ ಅವರ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕೆಲಸ ಹೋಯ್ತು ಅನ್ನೋದಕ್ಕಿಂತ ಮೊದಲು ಅವರ ಬಾಯಿಗೆ ಬಂದಿದ್ದು ‘ಗುರುವಾರದ್ದು ಹೆಂಗೆ?’ ಅಂತ. ಎಪ್ಪತ್ತು ದಾಟಿದ, ಕಾಯಿಲೆ ಇರುವವರಿಗೆ ಹೊಸ ಪಾಲಿಸಿ ಸುಲಭಕ್ಕೆ ಸಿಗಲ್ಲ. ಸಿಕ್ಕರೂ ಹಳೇ ಕಾಯಿಲೆಗೆ ಕಾಯೋ ಅವಧಿ ಇರುತ್ತೆ. ಸಿಇಒ ಮೇಲ್‌ನಲ್ಲಿ ಹೊತ್ತ ಪೂರ್ತಿ ಹೊಣೆಯಲ್ಲಿ ಆ ಗುರುವಾರ ಸೇರಿತ್ತಾ ಇಲ್ಲವಾ ಅಂತ ನಾನು ಬಹಳ ದಿನ ಯೋಚಿಸಿದೆ.

ನಮ್ಮ ಮ್ಯಾನೇಜರನ್ನ ನಾನು ಬಯ್ಯಲ್ಲ. ಹೆಸರುಗಳ ಪಟ್ಟಿ ಮೇಲಿಂದ ಬಂತು, ಯಾರು ಯಾಕೆ ಅಂತ ಅವರಿಗೂ ಹೇಳಲಿಲ್ಲ. ಸಂಜೆ ಪಾರ್ಕಿಂಗ್‌ನಲ್ಲಿ ಕಾರು ಸ್ಟಾರ್ಟ್ ಮಾಡದೆ ಸುಮ್ಮನೆ ಕೂತಿದ್ದನ್ನ ನೋಡಿದ್ದೀನಿ. ಕೋಪ ಬಂದಾಗ ಎದುರಿಗೆ ಸಿಗೋದು ಇವರೇ, ಎಚ್‌ಆರ್ ಹುಡುಗಿಯರೇ. ಆ ಹುಡುಗಿಯರಲ್ಲೂ ಇಬ್ಬರ ಹೆಸರು ಮುಂದಿನ ಪಟ್ಟಿಯಲ್ಲಿ ಇತ್ತು.

ಒಂದು ವಾರಕ್ಕೆ ಟೌನ್‌ಹಾಲ್ ನಡೆಯಿತು. ಬೆಂಗಳೂರಿನ ಟೌನ್‌ಹಾಲ್ ಅಲ್ಲ, ಸಿಇಒ ಸ್ಕ್ರೀನಿನ ಮೇಲೆ ಬಂದು ಎಲ್ಲರ ಜೊತೆ ಮಾತಾಡೋ ಸಭೆಗೆ ನಮ್ಮಲ್ಲಿ ಹಾಗಂತಾರೆ. ಹೆಸರು ಹಾಕದೆ ಪ್ರಶ್ನೆ ಕೇಳಬಹುದು, ಬೇರೆಯವರು ಅದಕ್ಕೆ ಲೈಕ್ ಒತ್ತಬಹುದು. ಹೆಚ್ಚು ಲೈಕ್ ಬಂದಿದ್ದಕ್ಕೆ ಮೊದಲು ಉತ್ತರ ಅನ್ನೋದು ನಿಯಮ. ಆವತ್ತು ಎಲ್ಲಕ್ಕಿಂತ ಮೇಲೆ ಇದ್ದ ಪ್ರಶ್ನೆ: ‘ಪೂರ್ತಿ ಹೊಣೆ ತಗೊಂಡಿದ್ದೀರಿ ಅಂದಿರಿ. ಅದರಿಂದ ನಿಮಗೆ ಏನು ಕಳೆದುಹೋಯಿತು?’ ನನಗೆ ಗೊತ್ತು ಅದನ್ನು ಯಾರು ಬರೆದಿದ್ದು ಅಂತ. ಹತ್ತು ಸಲ ಅಳಿಸಿ, ಹನ್ನೊಂದನೇ ಸಲ ಕಳಿಸಿದ್ದು. ಹೆಸರು ಕಾಣಲ್ಲ ಅಂತ ಅವರು ಹೇಳಿದ್ದನ್ನು ನಂಬದೆ, ಕಳಿಸಿದ ಮೇಲೆ ಎರಡು ರಾತ್ರಿ ನಿದ್ದೆ ಇಲ್ಲ.

ನಿರೂಪಕಿ ಅದನ್ನು ದಾಟಿ ಎರಡನೇ ಪ್ರಶ್ನೆಗೆ ಹೋದಳು, ಮೂರನೇದಕ್ಕೆ ಹೋದಳು. ಹೊಸ ಬಿಲ್ಡಿಂಗಿನ ಕ್ಯಾಂಟೀನು ಯಾವಾಗ ತೆರೆಯುತ್ತೆ ಅನ್ನೋದಕ್ಕೆ ಐದು ನಿಮಿಷ ಉತ್ತರ ಸಿಕ್ಕಿತು. ಕೊನೆಗೆ ಸಮಯ ಮುಗಿಯಿತು. ‘ನಾವೆಲ್ಲ ಒಂದು ಕುಟುಂಬ, ಈ ಕಷ್ಟ ದಾಟುತ್ತೇವೆ’ ಅಂದರು. ಕುಟುಂಬದ ಮಾತು ಬಂದಾಗ ನಮ್ಮ ಸಾಲಿನಲ್ಲಿ ಯಾರೋ ನಕ್ಕರು, ಜೋರಾಗೇ.

ಆವತ್ತಿನಿಂದ ನಮ್ಮ ಫ್ಲೋರಿನಲ್ಲಿ ಏನೋ ಬದಲಾಯಿತು. ಯಾರೂ ಕೂಗಾಡಲಿಲ್ಲ. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚೋಕೆ ಶುರು ಮಾಡಿದರು, ಅಷ್ಟೇ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್. ಇದನ್ನು ಹೀಗೆ ಮಾಡಿದರೆ ಚೆನ್ನಾಗಿರುತ್ತೆ ಅಂತ ಮುಂಚೆ ತಾನಾಗೇ ಹೇಳುತ್ತಿದ್ದವರು ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತಾರೆ. ಗೊತ್ತಿದ್ದನ್ನ ಬರೆದಿಡೋಕೂ ಜನ ಹಿಂಜರಿಯುತ್ತಾರೆ. ಬರೆದಿಟ್ಟರೆ ನಾನು ಬೇಡವಾಗ್ತೀನಿ ಅನ್ನೋ ಭಯ. ಸರ್ ಮಾತ್ರ ಅಂಥವರಾಗಿರಲಿಲ್ಲ, ಆದರೂ ಎಲ್ಲ ಬರೆದಿಡೋಕೆ ಅವರಿಗೆ ಪುರುಸೊತ್ತೇ ಕೊಟ್ಟಿರಲಿಲ್ಲ.

ತಿಂಗಳ ಕೊನೇ ದಿನ ರಾತ್ರಿ ಅವರು ನೋಡಿಕೊಳ್ಳುತ್ತಿದ್ದ ಬಿಲ್ಲಿಂಗ್ ಜಾಬ್ ನಿಂತುಹೋಯಿತು. ಮೂರು ಗಂಟೆ ಹುಡುಕಿದೆ. ಲಾಗ್ ಫೈಲ್‌ನಲ್ಲಿ ಏನೂ ಇಲ್ಲ. ಮ್ಯಾನೇಜರ್ ಮೆಸೇಜ್ ಹಾಕಿದರು, ‘ನಿನಗೆ ಅವರು ಪರಿಚಯ ಅಲ್ವಾ, ಸುಮ್ನೆ ಒಂದು ಕಾಲ್ ಮಾಡಿ ಕೇಳು.’ ಮೂರು ವಾರದ ಹಿಂದೆ ಹತ್ತು ಗಂಟೆಗೆ ಪಾಸ್‌ವರ್ಡ್ ಕಿತ್ತುಕೊಂಡ ಮನುಷ್ಯನಿಗೆ, ರಾತ್ರಿ ಹನ್ನೊಂದಕ್ಕೆ, ಅದೇ ಕಂಪನಿ ಕೆಲಸಕ್ಕೆ ಫೋನ್ ಮಾಡು ಅಂತ. ಮಾಡಲ್ಲ ಅನ್ನಬೇಕಿತ್ತು ನಾನು. ಮುಂದಿನ ಪಟ್ಟಿಯ ಭಯ. ಮಾಡಿದೆ.

ಎರಡನೇ ರಿಂಗಿಗೆ ಎತ್ತಿದರು. ಹಿಂದೆ ಆಸ್ಪತ್ರೆಯ ಯಂತ್ರದ ಸದ್ದು ಬರುತ್ತಿತ್ತು. ‘ಹೇಳವ್ವಾ’ ಅಂದರು. ನಾನು ಕ್ಷಮೆ ಕೇಳೋಕೆ ಶುರು ಮಾಡಿದೆ, ಮಧ್ಯದಲ್ಲೇ ತಡೆದರು. ‘ಬಿಲ್ಲಿಂಗ್ ನಿಂತೈತಾ? ಮೂವತ್ತೊಂದು ಬಂದ ತಿಂಗಳು ಹಂಗೇ ನಿಲ್ಲುತ್ತೆ ಅದು. ಬರ್ಕೋ.’ ಹೇಳುತ್ತಾ ಹೋದರು, ಬರೆದುಕೊಂಡೆ, ಹತ್ತು ನಿಮಿಷದಲ್ಲಿ ಸರಿಹೋಯಿತು. ‘ಅಮ್ಮ ಹೇಗಿದ್ದಾರೆ ಸರ್?’ ಅಂದೆ. ‘ನಡೀತೈತಿ. ಜಯದೇವದ ಕಡೆ ಒಂದು ಕಂಪನಿ ಇಂಟರ್‌ವ್ಯೂ ಐತಿ ಸೋಮವಾರ, ನೋಡಣ’ ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ‘ಮುಂದಿನ ಮೂವತ್ತೊಂದಕ್ಕೂ ನಿಲ್ಲುತ್ತೆ. ಬರೆದಿಟ್ಟಿದ್ದೀಯಲ್ಲ?’ ಅಂತ ಕೇಳಿ ಫೋನಿಟ್ಟರು.

ಮರುದಿನ ಬೆಳಿಗ್ಗೆ ಮೇಲಿನವರಿಂದ ಟೀಮಿಗೆ ಮೆಚ್ಚುಗೆಯ ಮೇಲ್ ಬಂದಿತ್ತು. ಕಡಿಮೆ ಜನರಿದ್ದರೂ ತಿಂಗಳ ಬಿಲ್ಲಿಂಗ್ ಒಂದು ನಿಮಿಷವೂ ತಡವಾಗದೆ ಮುಗಿದಿದೆ ಅಂತ. ನನ್ನ ಹೆಸರು ಬೇರೆ ಹಾಕಿದ್ದರು. ಅದನ್ನು ನಾನು ಸರ್‌ಗೆ ಕಳಿಸಲಿಲ್ಲ.